ರಷ್ಯನ್ ಟ್ವಿಸ್ಟ್: ತಿರುಗಬೇಕಾದದ್ದು ಎದೆ, ಕೈಯಲ್ಲ

ನೆಲದ ಮೇಲೆ ಕುಳಿತು, ಮಂಡಿ ಮಡಚಿ, ಹಿಮ್ಮಡಿ ಊರಿ, ಮುಂಡವನ್ನು ಹಿಂದಕ್ಕೆ ವಾಲಿಸಿ, ಮೇಲೆ ಹಿಡಿಯಿರುವ ಕಬ್ಬಿಣದ ಗುಂಡಾದ ಕೆಟಲ್‌ಬೆಲ್ ಹಿಡಿದು ಎಡಕ್ಕೂ ಬಲಕ್ಕೂ ತಿರುಗುವುದು. ನೋಡಲು ಇಷ್ಟು ಸುಲಭವಾಗಿರುವುದರಿಂದಲೇ ಹೆಚ್ಚಿನವರು ಇದನ್ನು ತೋಳಿನ ವ್ಯಾಯಾಮ ಮಾಡಿಬಿಡುತ್ತಾರೆ.

ಹಿಂದಕ್ಕೆ ವಾಲುವುದೇಕೆ? ಗುರುತ್ವ ಎಳೆಯುವುದು ಕೆಳಕ್ಕೆ ಮಾತ್ರ. ನೆಟ್ಟಗೆ ಕುಳಿತು ತಿರುಗಿದರೆ ಭಾರ ಅಡ್ಡಡ್ಡಲಾಗಿ ಓಡಾಡುತ್ತದೆ. ಹೆಗಲು ದಣಿಯುತ್ತದೆಯೇ ಹೊರತು ತಿರುಗಿಸುವ ಸ್ನಾಯುಗಳಿಗೆ ಎದುರಾಳಿಯೇ ಇರುವುದಿಲ್ಲ. ಸುಮಾರು 45 ಡಿಗ್ರಿ ವಾಲಿದಾಗ ಲೆಕ್ಕ ಬದಲಾಗುತ್ತದೆ. ಬಲಕ್ಕೆ ಹೋದ ಭಾರ ಮುಂಡವನ್ನು ಇನ್ನಷ್ಟು ಬಲಕ್ಕೆ ತಿರುಚಲು ನೋಡುತ್ತದೆ. ಅದನ್ನು ತಡೆದು ಮಧ್ಯಕ್ಕೆ ಎಳೆದು ತರುವುದೇ ನಿಜವಾದ ಕೆಲಸ. ಆಗ ದುಡಿಯುವ ಮುಖ್ಯ ಜೋಡಿ ಹೊಟ್ಟೆಯ ಪಕ್ಕದಲ್ಲಿ ಓರೆಯಾಗಿ ಹಾಯುವ ಸ್ನಾಯುಗಳದ್ದು: ಬಲಬದಿಯ ಹೊರ ಓರೆ ಸ್ನಾಯು ಮತ್ತು ಎಡಬದಿಯ ಒಳ ಓರೆ ಸ್ನಾಯು. ಈ ಅಡ್ಡಜೋಡಿಯನ್ನು ನೆನಪಿಡಿ, ಅದಲುಬದಲಾಗುವುದು ಇಲ್ಲಿಯೇ.

ಎರಡನೆಯ ಮಾತು ಬೆನ್ನುಮೂಳೆಯದು. ಸೊಂಟದ ಐದು ಮಣಿಗಳು ಮುಂದೆ ಹಿಂದೆ ಬಾಗಲು ಹೇಳಿ ಮಾಡಿಸಿದವು. ತಿರುಗುವಿಕೆಯಲ್ಲಿ ಒಂದೊಂದರ ಕೊಡುಗೆ ಒಂದೆರಡು ಡಿಗ್ರಿ ಅಷ್ಟೇ. ದೊಡ್ಡ ಪಾಲು ಎದೆಭಾಗದ 12 ಮಣಿಗಳದ್ದು. ಹಾಗಾಗಿ ಎದೆಮೂಳೆ ಮುಂದಾಗಬೇಕು, ಭಾರ ಅದರ ಹಿಂದೆ ಬರಬೇಕು. ಕೆಟಲ್‌ಬೆಲ್ ಪೃಷ್ಠದ ಪಕ್ಕದ ನೆಲ ಮುಟ್ಟಿದೆ, ಅಂಗಿಯ ಗುಂಡಿಸಾಲು ಮಾತ್ರ ಇನ್ನೂ ಮಂಡಿಗಳನ್ನೇ ನೋಡುತ್ತಿದೆ ಎಂದರೆ ತಿರುಗಿದ್ದು ತೋಳು ಮಾತ್ರ. ನೆಲ ಮುಟ್ಟಿಸಲೇಬೇಕೆಂಬ ಹಟ ಬೇಡ.

ಹಿಡಿಯ ಎರಡು ಪಕ್ಕದ ಕಂಬಿಗಳನ್ನು ಹಿಡಿದು, ಮೊಣಕೈ ಮಡಚಿ, ಭಾರವನ್ನು ಎದೆಯ ಹತ್ತಿರವೇ ಇಟ್ಟುಕೊಳ್ಳಿ. ಗುಂಡು ಹಿಡಿಯಿಂದ ದೂರವಿರುವುದರಿಂದ ವೇಗ ಹೆಚ್ಚಿದರೆ ತೂಗಾಡುತ್ತದೆ, ಆಮೇಲೆ ಅದೇ ನಿಮ್ಮನ್ನು ತಿರುಗಿಸುತ್ತದೆ. 4ರಿಂದ 8 ಕಿಲೋ ಆರಂಭಕ್ಕೆ ಧಾರಾಳ. ಹಳೆಯ ರಷ್ಯನ್ ತೂಕವಾದ ಪೂಡ್‌ನಿಂದ ಬಂದ 16 ಕಿಲೋದ್ದು ಎತ್ತಿ ಬೀಸುವ ವ್ಯಾಯಾಮಗಳಿಗೆ ಚೆನ್ನ, ಇಲ್ಲಿಗೆ ಆತುರವಿಲ್ಲ. ಮಧ್ಯಕ್ಕೆ ಎಳೆಯುವಾಗ ಉಸಿರು ಬಿಡಿ.

ಪಾದ ಎತ್ತಿ ಮಾಡುವುದು ಮುಂದಿನ ಹಂತ ಎನ್ನುತ್ತಾರೆ. ನನಗೆ ಅದರಲ್ಲಿ ಅಷ್ಟು ಒಲವಿಲ್ಲ: ತೊಡೆಸಂದಿಯ ಸ್ನಾಯುಗಳು ಬೇಗ ಸೋಲುತ್ತವೆ, ಬೆನ್ನು ಗೂನಾಗುತ್ತದೆ. ಬೆನ್ನು ಬಾಗಿರುವಾಗಲೇ ಭಾರ ಹೊತ್ತು ತಿರುಚುವುದು ಸೊಂಟದ ಡಿಸ್ಕ್‌ಗೆ ಒಗ್ಗದ ಭಂಗಿ. ಡಿಸ್ಕ್ ತೊಂದರೆ ಇದ್ದವರು ಇದನ್ನು ಬಿಟ್ಟು, ಒಂದು ಮಂಡಿಯೂರಿ ನಿಂತು ತಲೆಯ ಸುತ್ತ ಭಾರ ತಿರುಗಿಸುವ ಹ್ಯಾಲೋವನ್ನು ತಜ್ಞರ ಕಣ್ಣೆದುರು ಕಲಿಯಬಹುದು. ಅದರಲ್ಲಿ ಮುಂಡ ತಿರುಗುವುದಿಲ್ಲ, ತಿರುಗದಂತೆ ತಡೆಯುತ್ತದೆ.