ಯುಗಾದಿಗೆ ಮೊದಲು ಒಮ್ಮೆ ತಾರಸಿ ಹತ್ತಿ

ಬೆಂಗಳೂರಿನ ರಸ್ತೆಗಳಲ್ಲಿ ಹೊಂಗೆ ಎಲೆ ಉದುರತೊಡಗಿತು ಅಂದರೆ ನನಗೆ ಕೆಲಸದ ಕಾಲ ಶುರುವಾಯಿತು ಅಂತಲೇ ಲೆಕ್ಕ. ಸಂಪು, ಟ್ಯಾಂಕು, ಮಳೆನೀರು ಕೊಯ್ಲು, ಹೀಗೆ ಮನೆಗಳ ನೀರಿನ ವ್ಯವಸ್ಥೆ ನೋಡಿಕೊಳ್ಳುವ ಎಂಜಿನಿಯರ್ ನಾನು. ಶಿವರಾತ್ರಿಯಿಂದ ಯುಗಾದಿವರೆಗಿನ ಈ ಕೆಲವು ವಾರ ಊರು ನೋಡೋಕೆ ಎಷ್ಟು ಚೆಂದ ಅಲ್ವಾ? ಹೊಂಗೆ ಮರ ಹಳೆ ಎಲೆಯನ್ನೆಲ್ಲ ಕಳಚಿ ಮಿರಮಿರ ಮಿಂಚುವ ಚಿಗುರು ಬಿಡುತ್ತದೆ. ಆ ಹಳೆ ಎಲೆ ಎಲ್ಲಿಗೆ ಹೋಗುತ್ತದೆ? ಅರ್ಧ ರಸ್ತೆಗೆ, ಉಳಿದರ್ಧ ನಿಮ್ಮ ತಾರಸಿಗೆ.

ಹಬ್ಬಕ್ಕೆ ಅಂತ ಮನೆಯೆಲ್ಲ ಧೂಳು ಹೊಡೆಯುತ್ತೇವೆ, ಪಾತ್ರೆ ಇಳಿಸಿ ತೊಳೆಯುತ್ತೇವೆ. ಆ ಕೆಲಸ ಬಹಳ ಮನೆಗಳಲ್ಲಿ ಅಟ್ಟದವರೆಗೆ ಬಂದು ನಿಂತುಬಿಡುತ್ತದೆ. ತಾರಸಿಗೂ ಸಂಪಿಗೂ ಬರುವುದೇ ಇಲ್ಲ.

ಕೆಲವು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ ಜೋರು ಮಳೆ ಬಂದ ಮಾರನೇ ದಿನ ವಿಜಯನಗರದ ಕಡೆಯ ಒಂದು ಮನೆಯಿಂದ ಫೋನ್ ಬಂತು. "ಸಾರ್, ಅಷ್ಟು ಮಳೆ ಬಂದರೂ ಸಂಪಿಗೆ ಒಂದು ಹನಿ ಬಂದಿಲ್ಲ. ಮೇಲಿನ ರೂಮಿನ ಗೋಡೆ ಮಾತ್ರ ನೆನೆದಿದೆ." ಹೋಗಿ ನೋಡಿದರೆ ತಾರಸಿಯಲ್ಲಿ ಪಾದ ಮುಳುಗುವಷ್ಟು ನೀರು. ಮೂಲೆಯ ಜಾಲರಿ ಮೇಲೆ ಹೊಂಗೆ ಎಲೆ ಒಂದರ ಮೇಲೊಂದು ಕೂತು, ಹೊಲಿದ ಊಟದೆಲೆ ಥರ ಗಟ್ಟಿಯಾಗಿತ್ತು. ಕೈ ಹಾಕಿ ಎಳೆದೆ. ಎಲೆ ಜೊತೆಗೆ ಪಾರಿವಾಳದ ಪುಕ್ಕ, ಗಾಳಿಪಟದ ದಾರ, ಮಕ್ಕಳ ಒಂದು ಪ್ಲಾಸ್ಟಿಕ್ ಚೆಂಡು ಬಂತು. ನೀರು ಗಳಗಳ ಅಂತ ಇಳಿಯಿತು. ಮೆಟ್ಟಿಲ ಹತ್ತಿರ ನಿಂತಿದ್ದ ಅಜ್ಜಿ, "ಇಷ್ಟೇನಾಪ್ಪಾ?" ಅಂದರು. "ಇಷ್ಟೇ ಅಜ್ಜಿ" ಅಂದೆ. ಆದರೆ ನನಗೆ ಹೊಟ್ಟೆ ಉರಿದಿತ್ತು. ಅದಕ್ಕೆ ಹಿಂದಿನ ವಾರವಷ್ಟೇ ಆ ಮನೆಯವರು ಟ್ಯಾಂಕರ್ ತರಿಸಿದ್ದರು.

ಲೆಕ್ಕ ಸುಲಭ. 1 ಚದರ ಮೀಟರ್ ಜಾಗದಲ್ಲಿ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 30x40 ಸೈಟಿನ ಮನೆಗೆ 80 ಚದರ ಮೀಟರ್ ತಾರಸಿ ಇದೆ ಅಂತಿಟ್ಟುಕೊಳ್ಳಿ. ಬೆಂಗಳೂರಲ್ಲಿ ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ 60 ಮಿ.ಮೀ., ಮೇನಲ್ಲಿ 120 ಮಿ.ಮೀ. ಆಸುಪಾಸು ಮಳೆಯಾಗುತ್ತದೆ. ಐದನೇ ಒಂದು ಭಾಗ ಆವಿಯಾಗಿಯೋ ಸೋರಿಯೋ ಹೋಯಿತು ಅಂದುಕೊಂಡರೂ ಸುಮಾರು 11,500 ಲೀಟರ್ ಉಳಿಯುತ್ತದೆ. ಅಂದರೆ 6,000 ಲೀಟರಿನ ಹೆಚ್ಚುಕಡಿಮೆ ಎರಡು ಟ್ಯಾಂಕರ್. ಅದೂ ನೀರಿಗೆ ತೀರಾ ತತ್ವಾರ ಇರುವ ತಿಂಗಳಲ್ಲಿ. 60x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹಳೆ ಮನೆಗಳಿಗೆ, 30x40 ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಮನೆಗಳಿಗೆ ಮಳೆನೀರು ಕೊಯ್ಲು ಕಡ್ಡಾಯ ಅಂತ 2009ರಲ್ಲೇ ಕಾನೂನು ಬಂತು. ಪೈಪ್ ಹಾಕಿಸಿದವರು ಬೇಕಾದಷ್ಟಿದ್ದಾರೆ. ಹಾಕಿಸಿ ಮರೆತವರೂ ಅಷ್ಟೇ ಜಾಸ್ತಿ.

ಹಾಗಾಗಿ ಮೊದಲು ತಾರಸಿ ಗುಡಿಸಿ. ಜಾಲರಿ ಬಿಚ್ಚಿ ತೊಳೆಯಿರಿ. ಒಂದು ಬಕೆಟ್ ನೀರನ್ನು ಪೈಪಿಗೆ ಸುರಿದು ಕೆಳಗೆ ಸರಾಗವಾಗಿ ಬರುತ್ತದಾ ನೋಡಿ. ಮಳೆನೀರು ಸಂಪಿಗೆ ಸೇರುವ ಮುಂಚೆ ಸೋಸುವ ಫಿಲ್ಟರ್ ಡ್ರಮ್ಮಿನ ಮರಳು, ಜಲ್ಲಿ ಹೊರಗೆ ತೆಗೆದು ತಿಳಿ ನೀರು ಬರುವವರೆಗೆ ತೊಳೆದು, ಬಿಸಿಲಿಗೆ ಒಣಗಿಸಿ ಮತ್ತೆ ತುಂಬಿ. ಅರ್ಧ ದಿನದ ಕೆಲಸ. ಇದನ್ನೆಲ್ಲ ಕಣ್ಣಾರೆ ನೋಡಬೇಕು ಅನ್ನುವವರು ಜಯನಗರದಲ್ಲಿ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ, ಮಕ್ಕಳನ್ನು ಕರೆದುಕೊಂಡು ಹೋಗಿ.

ಈಗ ಸಂಪು. ಮೊದಲು ಸೋರಿಕೆ ನೋಡಿ. ರಾತ್ರಿ ಮಲಗುವ ಮುಂಚೆ ಒಳಬರುವ ನೀರಿನ ವಾಲ್ವ್ ಮುಚ್ಚಿ, ನೀರಿನ ಮಟ್ಟಕ್ಕೆ ಗೋಡೆಯಲ್ಲಿ ಚಾಕ್‌ಪೀಸಿನಿಂದ ಗೆರೆ ಎಳೆಯಿರಿ. ಮೋಟರ್ ಹಾಕಬೇಡಿ. ಬೆಳಿಗ್ಗೆ ಎದ್ದು ನೋಡಿ. 6x8 ಅಡಿಯ ಸಂಪಿನಲ್ಲಿ ಒಂದು ಇಂಚು ಇಳಿದಿದೆ ಅಂದರೆ 110 ಲೀಟರಿಗೂ ಜಾಸ್ತಿ ನೀರು ಮಣ್ಣುಪಾಲಾಗಿದೆ, ಅದೂ ಒಂದೇ ರಾತ್ರಿಯಲ್ಲಿ. ಈ ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಮೂರು ಕಡೆ ಪಂಪ್ ಮಾಡಿಸಿಕೊಂಡು ಮೇಲೇರಿ ನಮ್ಮ ಮನೆಗೆ ಬಂದದ್ದು. ನೀರು ಸೋರಿ ಹೋಗುವ ಬಿರುಕಿನಲ್ಲೇ ಹೊರಗಿನ ಗಲೀಜು ನೀರೂ ಒಳಗೆ ಬರಬಹುದು. ಪಕ್ಕದಲ್ಲೇ ಸ್ಯಾನಿಟರಿ ಚೇಂಬರ್ ಇದ್ದರಂತೂ ತಡ ಮಾಡಲೇಬೇಡಿ.

ಸಂಪು ತೊಳೆಸುವವರಿಗೆ ಒಂದು ಮಾತು, ದಯವಿಟ್ಟು ಕೇಳಿ. ಮುಚ್ಚಳ ತೆಗೆದ ತಕ್ಷಣ ಯಾರನ್ನೂ ಒಳಗೆ ಇಳಿಸಬೇಡಿ. ತುಂಬಾ ದಿನ ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಸಾಲದೆ ಇರಬಹುದು. ಕೆಲವು ಗಂಟೆ ತೆರೆದಿಟ್ಟು, ಫ್ಯಾನ್‌ನಿಂದ ಒಳಗೆ ಗಾಳಿ ಬಿಡಿ. ಮೋಟರಿನ ಮೇನ್ ಸ್ವಿಚ್ ಆಫ್ ಮಾಡಿ. ಇಳಿದವರ ಸೊಂಟಕ್ಕೆ ಹಗ್ಗ ಇರಲಿ, ಮೇಲೆ ಒಬ್ಬರು ನಿಂತೇ ಇರಲಿ. ಒಳಗಿದ್ದವರು ತಲೆ ತಿರುಗಿ ಬಿದ್ದರೆ ಎತ್ತೋಕೆ ಅಂತ ಇನ್ನೊಬ್ಬರು ಹಾರಬೇಡಿ, ಹಗ್ಗದಿಂದ ಮೇಲೆಳೆಯಿರಿ. ಒಬ್ಬರ ಹಿಂದೆ ಒಬ್ಬರು ಜೀವ ಕಳೆದುಕೊಳ್ಳುವುದು ಹೀಗೆಯೇ.

ಮನೆಯೊಳಗೂ ನೀರು ಸದ್ದಿಲ್ಲದೆ ಹೋಗುವ ಜಾಗ ಒಂದಿದೆ, ಟಾಯ್ಲೆಟ್ಟಿನ ಫ್ಲಶ್ ಟ್ಯಾಂಕ್. ಬೆಳಿಗ್ಗೆ ಕಾಫಿಗೆ ಇಳಿಸಿದ ಡಿಕಾಕ್ಷನ್ ನಾಲ್ಕು ಚಮಚ ಅದಕ್ಕೆ ಹಾಕಿ ಅರ್ಧ ಗಂಟೆ ಫ್ಲಶ್ ಮಾಡದೆ ಬಿಡಿ. ಕಮೋಡಿನ ನೀರಿಗೆ ಕಂದು ಬಣ್ಣ ಬಂದಿದ್ದರೆ ವಾಷರ್ ಸವೆದಿದೆ. ಬದಲಾಯಿಸೋದು ಚಿಕ್ಕ ಖರ್ಚು. ಹಾಗೇ ತಾರಸಿ ಮೇಲಿನ ನೀರಿನ ಟ್ಯಾಂಕಿನ ಓವರ್‌ಫ್ಲೋ ಪೈಪಿನ ಬಾಯಿಗೆ ಸೊಳ್ಳೆ ಪರದೆಯ ತುಂಡು ಕಟ್ಟಿ. ಡೆಂಗಿ ಸೊಳ್ಳೆ ಮೊಟ್ಟೆ ಇಡುವುದು ಇಂಥ ಶುದ್ಧ ನೀರಿನಲ್ಲೇ.

ಕುಡಿಯುವ ನೀರಲ್ಲಿ ಕಾರು ತೊಳೆಯಬೇಡಿ, ಗಿಡಕ್ಕೆ ಬಿಡಬೇಡಿ ಅಂತ ಜಲಮಂಡಳಿ 2024ರ ಮಾರ್ಚ್‌ನಲ್ಲಿ ಆದೇಶ ಹೊರಡಿಸಿ 5,000 ರೂಪಾಯಿ ದಂಡ ಇಟ್ಟಿತ್ತು. 2025ರ ಫೆಬ್ರವರಿಯಲ್ಲಿ ಮತ್ತೆ ಅದೇ ಆದೇಶ ಬಂತು. ಗಿಡಕ್ಕೆ ಅಕ್ಕಿ, ತರಕಾರಿ ತೊಳೆದ ನೀರು ಸಾಕು.

ತಾರಸಿ ಮೇಲೆ ನಿಂತಾಗಲೇ ಒಮ್ಮೆ ಸುತ್ತ ನೋಡಿ. ಒಣ ಕೊಂಬೆ ವಿದ್ಯುತ್ ತಂತಿಗೆ ತಾಗುತ್ತಿದ್ದರೆ ಬೆಸ್ಕಾಂನ 1912ಕ್ಕೆ ಈಗಲೇ ಹೇಳಿ. ಏಪ್ರಿಲ್ ಗಾಳಿಗೆ ಮೊದಲು ಮುರಿಯುವುದು ಅವೇ. ನೀವೇ ಕತ್ತಿ ಹಿಡಿದು ಹತ್ತಬೇಡಿ.

ಕೊನೆಯದಾಗಿ ಮೊದಲ ಮಳೆ. ಅಶ್ವಿನಿ ಮಳೆ ನಕ್ಷತ್ರ ಹುಟ್ಟುವುದು ಏಪ್ರಿಲ್ 13-14ರ ಸುಮಾರಿಗೆ. ಬೇಸಿಗೆಯ ಮೊದಲ ಮಳೆ ತಾರಸಿಯ ಧೂಳು, ಹಕ್ಕಿ ಹಿಕ್ಕೆ ಎಲ್ಲ ತೊಳೆದುಕೊಂಡು ಬರುತ್ತದೆ. ಆ ನೀರು ಸಂಪಿಗೆ ಸೇರಬಾರದು. ಅದನ್ನು ಹೊರಗೆ ಬಿಡಲಿಕ್ಕೆಂದೇ ಪೈಪಿನ ಕೆಳಗೆ ಒಂದು ವಾಲ್ವ್ ಇರುತ್ತದೆ. ಮೊದಲ ಹತ್ತು ಹದಿನೈದು ನಿಮಿಷ ಅದನ್ನು ತೆರೆದಿಟ್ಟು, ನೀರು ತಿಳಿಯಾದ ಮೇಲೆ ಮುಚ್ಚಬೇಕು. ವರ್ಷವಿಡೀ ಮುಟ್ಟದ ವಾಲ್ವ್ ಬಿಗಿದುಕೊಂಡಿರುತ್ತದೆ. ಮಳೆಯಲ್ಲಿ ಛತ್ರಿ ಹಿಡಿದುಕೊಂಡು ಅದರ ಜೊತೆ ಗುದ್ದಾಡುವ ಬದಲು ಈ ಭಾನುವಾರವೇ ಒಮ್ಮೆ ತಿರುಗಿಸಿ ನೋಡಿ. ತಿರುಗದಿದ್ದರೆ ಪ್ಲಂಬರ್ ಬಂದು ಬದಲಾಯಿಸೋಕೆ ಇನ್ನೂ ಸಮಯ ಇದೆ.