ಫಿಯೆಟ್ ಮೇಲಿನ ಈ ಪ್ರೀತಿ ಎಲ್ಲಿಂದ ಬಂತು?

ಸಿಗ್ನಲ್‌ನಲ್ಲಿ, ಜನ ಫಿಯೆಟ್ ಎಂದೇ ಕರೆಯುವ ಹಳೇ ಪ್ರೀಮಿಯರ್ ಪದ್ಮಿನಿ ಕಾರೊಂದು ನಿಂತರೆ ಸುತ್ತಮುತ್ತ ಏನಾಗುತ್ತದೆ ನೋಡಿ. ಕೋಟಿ ರೂಪಾಯಿಯ ಕಾರಿನತ್ತ ತಿರುಗದ ಆಟೋದವರು ತಲೆ ಹೊರಗೆ ಹಾಕಿ, "ಫಿಯೆಟ್ಟಾ? ಯಾವ ಮಾಡೆಲ್ಲು?" ಎಂದು ಕೇಳುತ್ತಾರೆ. ಓಡಿಸುತ್ತಿರುವ ಹುಡುಗ ಹುಟ್ಟುವ ಹೊತ್ತಿಗೆ ಆ ಕಾರಿನ ಕಾಲವೇ ಮುಗಿದಿತ್ತು. ಆದರೂ ಉತ್ತರ ಅವನ ಬಾಯಲ್ಲಿ ರೆಡಿ ಇರುತ್ತದೆ.

ಈ ಕಾರಿನ ಕಥೆಗೆ ನಮ್ಮ ಮೈಸೂರಿನ ನಂಟೂ ಇದೆ. 1930ರ ದಶಕದಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರು ಯುರೋಪ್, ಅಮೆರಿಕ ಸುತ್ತಿ ಬಂದು ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಕೈಜೋಡಿಸಿದರು. ಮೈಸೂರು ಸಂಸ್ಥಾನಕ್ಕೂ ಮನಸ್ಸಿತ್ತು, ಬ್ರಿಟಿಷ್ ಸರ್ಕಾರಕ್ಕೆ ಮಾತ್ರ ಇರಲಿಲ್ಲ. ಅಷ್ಟರಲ್ಲಿ ಯುದ್ಧ ಬಂತು. ಕಾರಿಗೆ ಸಿಗದ ಒಪ್ಪಿಗೆ ವಿಮಾನಕ್ಕೆ ಸಿಕ್ಕಿತು. 1940ರ ಡಿಸೆಂಬರ್‌ನಲ್ಲಿ ಅದೇ ವಾಲ್‌ಚಂದ್, ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಅದೇ ಇವತ್ತಿನ ಎಚ್‌ಎಎಲ್. ಕಾರಿನ ಕಂಪನಿ ಪ್ರೀಮಿಯರ್ ಆಟೊಮೊಬೈಲ್ಸ್ ಹುಟ್ಟಿದ್ದು 1944ರಲ್ಲಿ, ಬಾಂಬೆಯಲ್ಲಿ. ಸ್ವಲ್ಪ ಆಚೀಚೆ ಆಗಿದ್ದರೆ ಪದ್ಮಿನಿ ನಮ್ಮೂರ ಹುಡುಗಿ ಆಗಿರುತ್ತಿದ್ದಳೋ ಏನೋ!

ಪ್ರೀಮಿಯರ್‌ನವರು 1950ರ ದಶಕದಲ್ಲಿ ಇಟಲಿಯ ಫಿಯೆಟ್ 1100 ಕಾರನ್ನು ಬಾಂಬೆಯ ಕುರ್ಲಾದಲ್ಲಿ ತಯಾರಿಸತೊಡಗಿದರು. 1964ರಲ್ಲಿ ಬಂದ ಡಿಲೈಟ್ ಮಾಡೆಲ್‌ನ ಮೈಕಟ್ಟೇ ಕೊನೆಯವರೆಗೂ ಉಳಿಯಿತು. 1974ರಲ್ಲಿ ಹೆಸರು ಪದ್ಮಿನಿ ಎಂದಾಯಿತು. ಆದರೆ ಜನರ ಬಾಯಲ್ಲಿ ಅದು ಫಿಯೆಟ್ಟೇ. ಇತ್ತ ಹಿಂದೂಸ್ತಾನ್ ಮೋಟರ್ಸ್‌ನವರು ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರನ್ನು ಅಂಬಾಸಿಡರ್ ಮಾಡಿ ಬಂಗಾಳದ ಉತ್ತರಪಾರಾದಲ್ಲಿ 2014ರವರೆಗೂ ತಯಾರಿಸಿದರು.

ಇವು ಅಷ್ಟು ಒಳ್ಳೆಯ ಕಾರುಗಳಾಗಿದ್ದವಾ? ಖಂಡಿತ ಇಲ್ಲ. ಬೇರೆ ಸಿಗುತ್ತಿರಲಿಲ್ಲ, ಅಷ್ಟೇ. ಎಷ್ಟು ಕಾರು ತಯಾರಿಸಬೇಕು ಅನ್ನೋದಕ್ಕೆ ಸರ್ಕಾರದ ಲೈಸೆನ್ಸ್, ಬೆಲೆಗೂ ಸರ್ಕಾರದ ಕಡಿವಾಣ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಹಾಗೆ ಬಂದ ಕಾರನ್ನು ಯಾರಾದರೂ ಐದು ವರ್ಷಕ್ಕೆ ಮಾರುತ್ತಾರಾ? ಅಪ್ಪ ಕೊಂಡಿದ್ದನ್ನು ಮಗ ಓಡಿಸಿದ.

ಅಷ್ಟು ವರ್ಷ ಓಡಿಸಬೇಕೆಂದರೆ ರಿಪೇರಿ ಗೊತ್ತಿರಲೇಬೇಕು. ಘಾಟಿ ಹತ್ತುವಾಗ ಎಂಜಿನ್ ಕಾದು, ಪೆಟ್ರೋಲ್ ಆವಿಯಾಗಿ ಗಾಡಿ ನಿಂತುಬಿಡುತ್ತಿತ್ತು. ಬಾನೆಟ್ ಎತ್ತಿ ಪೆಟ್ರೋಲ್ ಪಂಪ್ ಮೇಲೆ ಒದ್ದೆ ಬಟ್ಟೆ ಹಾಕಬೇಕು. ಚಳಿಗಾಲದಲ್ಲಿ ಎಂಜಿನ್ ಸ್ಟಾರ್ಟ್ ಆಗಲು ಚೋಕ್ ಎಷ್ಟು ಎಳೆಯಬೇಕು, ಸ್ಟೇರಿಂಗ್ ಪಕ್ಕದ ಗೇರು ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಇವೆಲ್ಲ ಮನೆಯವರಿಗೆ ಮಾತ್ರ ಗೊತ್ತಿದ್ದ ಗುಟ್ಟು. ರಜೆಯ ದಿನ ಅಪ್ಪ ಕಾರಿನ ಕೆಳಗೆ ಮಲಗಿದರೆ ಮಗ ಪಾನಾ ಕೊಡಲು ಪಕ್ಕದಲ್ಲಿ ಕೂರಬೇಕು. ನನ್ನ ಕೇಳಿದರೆ, ಕಾರಿನ ಹುಚ್ಚು ದಾಟಿದ್ದು ಅಲ್ಲಿ. ಬೀಗದ ಕೈ ಕೊಟ್ಟ ಮಾತ್ರಕ್ಕೆ ಹುಚ್ಚು ಬರುವುದಿಲ್ಲ.

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂತು. ಕೈಕೊಡದ ಕಾರು ಹೇಗಿರುತ್ತದೆಂದು ಜನಕ್ಕೆ ಆಗ ಗೊತ್ತಾಯಿತು. 1993ರಲ್ಲಿ ಕಾರು ತಯಾರಿಕೆಗೆ ಲೈಸೆನ್ಸ್ ಬೇಡವೆಂದಾಯಿತು. ಪದ್ಮಿನಿಯ ತಯಾರಿಕೆ 2000ದ ಆಸುಪಾಸಿನಲ್ಲಿ ಮುಗಿಯಿತು. ಮುಂಬೈನಲ್ಲಿ ಟ್ಯಾಕ್ಸಿಯಾಗಿ ಮಾತ್ರ ಅದು 2023ರ ಅಕ್ಟೋಬರ್‌ವರೆಗೂ ಓಡಿತು.

ಇಂದಿನ ಹುಡುಗರಿಗೆ ಈ ಕಾರು ಹಿಡಿಸಲು ಕಾರಣವೇ ಬೇರೆ. ಹೊಸ ಕಾರಿನ ಬಾನೆಟ್ ತೆಗೆದರೆ ಕಾಣುವುದು ಪ್ಲಾಸ್ಟಿಕ್ ಮುಚ್ಚಳ, ಏನಾಗಿದೆ ಎಂದು ಹೇಳಲು ಕಂಪ್ಯೂಟರ್ ಬೇಕು. ಫಿಯೆಟ್‌ನಲ್ಲಿ ಎಲ್ಲವೂ ಕಣ್ಣೆದುರಿಗೆ ಇರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಲೆದು ಭಾಗ ಹುಡುಕುವುದೇ ಒಂದು ಆಟ. ಅಪ್ಪನಿಗೆ ತಲೆನೋವಾಗಿದ್ದು ಮಗನಿಗೆ ಹವ್ಯಾಸ!

ಈಗಿನ ತಲೆನೋವು ಕಾಗದಪತ್ರದ್ದು. 2021ರಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನಿಯಮ ತಂದಿತು. ಐವತ್ತು ವರ್ಷ ದಾಟಿರಬೇಕು, ಮೂಲ ರೂಪ ಕೆಟ್ಟಿರಬಾರದು. ನೋಂದಣಿಗೆ 20,000 ರೂಪಾಯಿ, ನಂಬರ್ ಪ್ಲೇಟ್‌ನಲ್ಲಿ ‘ವಿಎ’ ಎಂಬ ಗುರುತು. ಆದರೆ ಆ ಕಾರನ್ನು ರ‍್ಯಾಲಿಗೆ, ಪ್ರದರ್ಶನಕ್ಕೆ, ರಿಪೇರಿಗೆ, ಪೆಟ್ರೋಲ್ ಹಾಕಿಸಲು ಒಯ್ಯಬಹುದೇ ಹೊರತು ದಿನಾ ಓಡಿಸುವ ಹಾಗಿಲ್ಲ. ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ನಂಜನಗೂಡಿಗೆ ಹೋಗುವುದು ಈ ಪಟ್ಟಿಯಲ್ಲಿ ಇಲ್ಲ.

ಐವತ್ತು ತುಂಬದ ಕಾರಿನ ಪಾಡು ಇನ್ನೂ ಕಷ್ಟ. ಹದಿನೈದು ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಬೇಕು. ಇದಕ್ಕೆ ಮೊದಲು 600 ರೂಪಾಯಿ ಇತ್ತು. 2022ರಲ್ಲಿ 5,000 ಆಯಿತು. 2025ರಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಆಯಿತು. ಪದ್ಮಿನಿ ಹೆಸರಿನ ಮೊದಲ ಕಾರುಗಳು ಈಗಷ್ಟೇ ಐವತ್ತು ದಾಟಿವೆ. ಅಜ್ಜ 1986ರಲ್ಲಿ ಕೊಂಡ ಕಾರು ವಿಂಟೇಜ್ ಆಗುವುದು 2036ಕ್ಕೆ. ಅಲ್ಲಿಯವರೆಗೆ ಮೊಮ್ಮಗ ಫೀಸು ಕಟ್ಟಿ, ಹಾರ್ನ್ ಹೊಡೆದು, ಲೈಟ್ ಹಾಕಿ ಆರ್‌ಟಿಒದವರಿಗೆ ತೋರಿಸುತ್ತಾ ಇರಬೇಕು.