ತುದಿ ಮುಚ್ಚದ ಬೇರಿಗೆ ರೂಟ್ ಕೆನಾಲ್: ಫಲಿತಾಂಶ ಓದುವುದು ಹೇಗೆ?

ಮೇಲ್ದವಡೆಯ ನಡುವಿನ ಬಾಚಿಹಲ್ಲು 7–8ನೇ ವಯಸ್ಸಿಗೆ ಹುಟ್ಟಿದರೂ ಬೇರಿನ ತುದಿ ಮುಚ್ಚಲು ಇನ್ನೂ ಸುಮಾರು 3 ವರ್ಷ ಬೇಕು. ಅಷ್ಟರೊಳಗೆ ಮಗು ಬಿದ್ದು ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳಗಳ ಮೃದು ಅಂಗಾಂಶ) ಸತ್ತರೆ ಬೇರು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಡೆಂಟಿನ್ (ಹಲ್ಲಿನ ಒಳಗಿನ ಗಟ್ಟಿ ಪದರ) ಗೋಡೆ ತೆಳ್ಳಗೆ, ತುದಿ ಅಗಲ. ಬೇರಿನ ಕಾಲುವೆಗೆ ತುಂಬಿದ ಗಟ್ಟಾಪರ್ಚಾಗೆ (ರಬ್ಬರಿನಂಥ ವಸ್ತು) ತಡೆಯೇ ಇಲ್ಲ, ಆಚೆ ಜಾರುತ್ತದೆ. ಕಾಲುವೆಯ ಉದ್ದ ಅಳೆಯುವ ಏಪೆಕ್ಸ್ ಲೊಕೇಟರ್‌ನ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ.

ಇಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ತುದಿಯ ಸುತ್ತಲಿನ ಸೋಂಕು ವಾಸಿಯಾಯಿತೇ? ಹಲ್ಲು ಮುರಿಯದೆ ಉಳಿಯಿತೇ? ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ನಾವು ದಂತವೈದ್ಯಕೀಯ ವಿದ್ಯಾರ್ಥಿಗಳು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಬರೆದು ಎದ್ದು ಬರುತ್ತೇವೆ.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಅಪೆಕ್ಸಿಫಿಕೇಶನ್ (ತೆರೆದ ತುದಿಯನ್ನು ಮುಚ್ಚಿಸುವ ಚಿಕಿತ್ಸೆ) ನೋಡಿ. ತಿಂಗಳುಗಟ್ಟಲೆ ಔಷಧಿ ಇಟ್ಟರೆ ತುದಿಯಲ್ಲಿ ಗಟ್ಟಿ ಪದರ ಕಟ್ಟುತ್ತದೆ, ಸೋಂಕೂ ಇಳಿಯುತ್ತದೆ. ತೊಂದರೆ ಇರುವುದು ಹಲ್ಲಿನ ಕುತ್ತಿಗೆಯ ಬಳಿ, ಅಂದರೆ ವಸಡಿನ ಅಂಚಿನಲ್ಲಿ. 1992ರಲ್ಲಿ ದಂತವೈದ್ಯ ಸ್ವೆಕ್ (ಪಲ್ಪಿನ ಒಂದು ಭಾಗವನ್ನಷ್ಟೇ ತೆಗೆಯುವ ಪಲ್ಪಾಟಮಿಯಿಂದ ನಮಗೆ ಪರಿಚಿತ ಹೆಸರೇ) ತೋರಿಸಿದ ಪ್ರಕಾರ, ಹೀಗೆ ಚಿಕಿತ್ಸೆಯಾದ ಬಲಿಯದ ಹಲ್ಲುಗಳಲ್ಲಿ ಕುತ್ತಿಗೆಯ ಮುರಿತ ಶೇ. 28ರಿಂದ 77ರವರೆಗೆ. ಬೇರು ಎಳೆಯದಾದಷ್ಟೂ ಹೆಚ್ಚು. ಎಕ್ಸ್-ರೇಯಲ್ಲಿ ವಾಸಿಯಾದ ಹಲ್ಲೂ ಕೈಗೆ ಬರಬಹುದು ಎಂದಾಯಿತು.

ಎಂಟಿಎ (ಸಿಮೆಂಟಿನಂಥ ತುಂಬುವ ವಸ್ತು) ಈ ಕಾಯುವಿಕೆಯನ್ನು ತಪ್ಪಿಸಿತು: ತುದಿಗೆ 4–5 ಮಿ.ಮೀ. ಪ್ಲಗ್, ಒಂದೆರಡು ಭೇಟಿಯಲ್ಲಿ ಕೆಲಸ ಮುಗಿಯುತ್ತದೆ. ತೇವದಲ್ಲೂ ಗಟ್ಟಿಯಾಗುತ್ತದೆ. ಆದರೆ ಗೋಡೆ ತೆಳ್ಳಗೇ ಉಳಿಯುತ್ತದೆ. ಎದುರಿಗೆ ಕಾಣುವ ಹಲ್ಲು ಕಪ್ಪಾಗುವ ಕಾಟ ಬೇರೆ.

ಗೋಡೆಯನ್ನೇ ದಪ್ಪ ಮಾಡುವ ಆಸೆ ಇರುವುದು ಕಾಲುವೆಯೊಳಗೆ ರಕ್ತ ಬರಿಸಿ ಅಂಗಾಂಶ ಬೆಳೆಸುವ ರೀವ್ಯಾಸ್ಕುಲರೈಸೇಶನ್‌ನಲ್ಲಿ. ಫೈಲಿಂಗ್ (ಸಣ್ಣ ಅರದಿಂದ ಕಾಲುವೆ ಉಜ್ಜುವುದು) ಬಹುಮಟ್ಟಿಗೆ ಇಲ್ಲವೇ ಇಲ್ಲ. ಕ್ರಿಮಿನಾಶಕವಾದ 1.5% ಹೈಪೋಕ್ಲೋರೈಟ್‌ನಿಂದ ಮೆಲ್ಲಗೆ ತೊಳೆದು ಔಷಧಿ ಇಟ್ಟು ಕಳಿಸುವುದು. ಮುಂದಿನ ಭೇಟಿಯಲ್ಲಿ ಅಡ್ರಿನಲಿನ್ ಇಲ್ಲದ ಅರಿವಳಿಕೆ ಕೊಟ್ಟು, 17% ಇಡಿಟಿಎ ದ್ರಾವಣ ಹಾಕಿ, ಫೈಲನ್ನು ತುದಿಯಿಂದ 2 ಮಿ.ಮೀ. ಆಚೆ ದಾಟಿಸಿ ರಕ್ತ ಬರಿಸಬೇಕು. ಅಡ್ರಿನಲಿನ್ ಇದ್ದರೆ ರಕ್ತನಾಳ ಕುಗ್ಗಿ ಈ ಹಂತವೇ ಕೈಕೊಡಬಹುದು. ಹೆಪ್ಪುಗಟ್ಟಿದ ಮೇಲೆ ಅದರ ಮೇಲ್ಗಡೆ ಎಂಟಿಎ.

2012ರ 61 ಹಲ್ಲುಗಳ ಹೋಲಿಕೆಯಲ್ಲಿ ಬಾಯಲ್ಲೇ ಉಳಿದುಕೊಂಡ ಹಲ್ಲುಗಳ ಪ್ರಮಾಣ ರೀವ್ಯಾಸ್ಕುಲರೈಸೇಶನ್‌ನಲ್ಲಿ ಶೇ. 100, ಎಂಟಿಎಯಲ್ಲಿ 95, ಕ್ಯಾಲ್ಸಿಯಂ ಹೈಡ್ರಾಕ್ಸೈಡ್‌ನಲ್ಲಿ 77. ಆ ನೂರನ್ನು ನೋಡಿ ಹಿಗ್ಗಬೇಡಿ: ಆ ಗುಂಪಿನಲ್ಲಿ ಇದ್ದದ್ದೇ 20 ಹಲ್ಲು. ಬೇರಿನ ಬೆಳವಣಿಗೆ ಒಂದು ಮಗುವಿನಲ್ಲಿ ಕಂಡಂತೆ ಇನ್ನೊಂದರಲ್ಲಿ ಕಾಣುವುದಿಲ್ಲ. ಒಳಗೆ ಬೆಳೆಯುವುದೂ ಬಹುಪಾಲು ಸಿಮೆಂಟಮ್ (ಬೇರಿನ ಹೊರಪದರದ ಅಂಗಾಂಶ), ಮೂಳೆಯಂಥ ಅಂಗಾಂಶ. ನಿಜವಾದ ಪಲ್ಪ್ ಅಲ್ಲ.

ಫಾಲೋ-ಅಪ್ ಎಕ್ಸ್-ರೇಯನ್ನು ಪ್ರತಿ ಸಲವೂ ಒಂದೇ ಕೋನದಲ್ಲಿ ತೆಗೆಯಿರಿ. ಕೋನ ತುಸು ವಾಲಿದರೂ ಬೆಳೆಯದ ಬೇರು ಉದ್ದವಾದಂತೆ ಕಾಣುತ್ತದೆ.